ಕೋರ್ಟಿನ ಆ ತುದಿಗೆ ಕೇಳುವಂತೆ

ಮೇ 18, 2015, ಸೋಮವಾರ

ಇವತ್ತು ಬಂದ ಹೊಸ ಪೇಷೆಂಟ್ ಹೆಸರು ಎಲ್ಪಿಡಿಯೊ ಸುಮಗೈಸೈ. ಫಿಲಿಪೀನ್ಸ್‌ನ ಇಲೊಯ್ಲೊ ಕಡೆಯವರು. ಹಳೆಗನ್ನಡ ಪದ್ಯದ ಕೊನೆಯ ಸಾಲಿನ ಹಾಗಿದೆ ಹೆಸರು. ಕರೆಯುವಾಗ ನನ್ನ ತುಟಿಯಂಚಿನಲ್ಲಿ ನಗು ಕಂಡಿರಬೇಕು. "ಎಲ್ಲರೂ ಕೋಚ್ ಪಿಡೋ ಅಂತಾರೆ. ನಿಮಗೂ ಅಷ್ಟೇ ಸಾಕು," ಎಂದರು. ಉಜ್ಜುಕಾಗದ ತಿಕ್ಕಿದಂಥ ದನಿ. ಗಂಟಲಿನ ಕ್ಯಾನ್ಸರ್. ಮುಂದಿನ ವಾರ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ. ಆಮೇಲೆ ಉಸಿರಾಡುವುದು ಹೇಗೆ, ಮಾತಾಡುವುದು ಹೇಗೆ ಎಂದು ಮೊದಲೇ ಕೂರಿಸಿ ತಿಳಿಸುವುದು ಸ್ಪೀಚ್ ಥೆರಪಿಸ್ಟ್ ಆದ ನನ್ನ ಕೆಲಸ. ಮೈಸೂರಿನಲ್ಲಿ ಕಲಿತು ಸಿಂಗಪುರಕ್ಕೆ ಬಂದಾಗಿನಿಂದ ಇದೇ ಮಾತನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಎಲ್ಲರೂ ಮೊದಲು ಕೇಳುವುದು, ಬದುಕುತ್ತೀನಾ ಅಂತ. ಇವರು ಕೇಳಿದ್ದು, "ಕೂಗಬಹುದಾ?"

"ಮಾತಾಡಬಹುದು ಕೋಚ್. ಕೂಗೋಕೆ ಆಗಲ್ಲ."

"ವಿಷಲ್?"

ಉಸಿರು ಇನ್ನು ಬಾಯಿಗೆ ಬರುವುದಿಲ್ಲ, ಕುತ್ತಿಗೆಯಲ್ಲಿ ಮಾಡುವ ರಂಧ್ರದಿಂದಲೇ ಹೋಗಿಬರುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ಮಾತಾಡಬೇಕಾದರೆ ಹೆಬ್ಬೆರಳಿನಿಂದ ಆ ರಂಧ್ರ ಮುಚ್ಚಬೇಕು. ಆಗ ಒಳಗಿನ ಪುಟ್ಟ ಕವಾಟದ ಮೂಲಕ ಗಾಳಿ ಗಂಟಲಿಗೆ ಹತ್ತಿ ದನಿಯಾಗುತ್ತದೆ. ಅವರು ಚಿತ್ರವನ್ನೇ ನೋಡುತ್ತಾ ಕುಳಿತರು. ಬೆಡೋಕ್‌ನ ಒಂದು ಕ್ಲಬ್ಬಿನಲ್ಲಿ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾರಂತೆ. "ಅವರನ್ನ ನಿಲ್ಲಿಸೋದು ಹೇಗೆ ಮತ್ತೆ? ಒಂದು ಕೈ ಕುತ್ತಿಗೆ ಮೇಲೆ. ಇನ್ನೊಂದೇ ಕೈಯಲ್ಲಿ ಚಪ್ಪಾಳೆ ಹೊಡೆಯೋಕಾಗತ್ತಾ?"

ಪಕ್ಕದಲ್ಲಿದ್ದ ಹೆಂಡತಿ ಲೂಸ್, ಕೋಚ್‌ರ ತೊಡೆಯ ಮೇಲೆ ಫಟೀರನೆ ಒಂದು ಕೊಟ್ಟರು. "ಹೀಗೆ."

ನಿನ್ನೆ ಮೈಸೂರಿನಿಂದ ಸರಳಕ್ಕ ಫೋನ್ ಮಾಡಿ, ನಿನ್ನ ಗಂಡ ಎಲ್ಲಿ ಎಂದಳು. ಸಂಪತ್ ಟೂರ್‌ನಲ್ಲಿದ್ದಾರೆ ಎಂದೆ.

ಮೇ 28, ಗುರುವಾರ

ಕೋಚ್‌ಗೆ ಆಪರೇಷನ್ ಆಯಿತು. ಚೆನ್ನಾಗಿ ಆಗಿದೆ ಎಂದರು ಸರ್ಜನ್.

ಮನೆಗೆ ಬಂದು ಸಂಪತ್‌ರ ಉಳಿದ ಶರ್ಟುಗಳನ್ನು ಮಡಿಸಿ ಸೂಟ್‌ಕೇಸಿಗೆ ತುಂಬಿದೆ. ಏಪ್ರಿಲ್‌ನಲ್ಲಿ ಸಿಡ್ನಿಗೆ ಹೊರಡುವ ದಿನ, ಬಾಗಿಲ ಹತ್ತಿರ ಶೂ ಲೇಸು ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ, "ನೀನು ಬರೋದು ಬೇಡ ಗಗನಾ. ಈಗ ಅಂತಲ್ಲ, ಆಮೇಲೂ," ಎಂದರು. ಲೇಸು ಕಟ್ಟಿ ಮುಗಿಯುವವರೆಗೂ ನಾನು ನಿಂತೇ ಇದ್ದೆ. ಲಿಫ್ಟ್ ಬಂದ ಶಬ್ದ ಕೇಳಿಸಿತು.

ನಮ್ಮವರ ಅಂಗಡಿಗಳಿರುವ ಲಿಟಲ್ ಇಂಡಿಯಾಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಅಲ್ಲಿ ಗುರುತಿನವರು ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ. ಪಕ್ಕದ ಸೂಪರ್ ಮಾರ್ಕೆಟಿನ ತೊಗರಿಬೇಳೆ ಬೇಯುವುದೇ ಇಲ್ಲ.

ಜೂನ್ 16, ಮಂಗಳವಾರ

ಇವತ್ತು ಕೋಚ್ ಮೊದಲ ಸಲ ಮಾತಾಡಿದರು. ಇದನ್ನು ಬರೆಯಲೇಬೇಕು.

ಮೊದಲ ಮಾತು ಎಲ್ಲರಿಗೂ ಕಷ್ಟ. ಉಸಿರು ಎಳೆದುಕೊಂಡು, ಹೆಬ್ಬೆರಳು ಒತ್ತಿ, ಹೊರಗೆ ತಳ್ಳಬೇಕು. ಗಂಡಸರು ಸಾಮಾನ್ಯವಾಗಿ ಹೆಂಡತಿಯ ಹೆಸರು ಹೇಳುತ್ತಾರೆ. ಲೂಸ್ ಕೂಡ ತಲೆ ಬಾಚಿಕೊಂಡು, ಸ್ವಲ್ಪ ಲಿಪ್‌ಸ್ಟಿಕ್ ಹಾಕಿಕೊಂಡು ಎದುರಿಗೆ ನಿಂತಿದ್ದರು. ಕೋಚ್ ಹೆಬ್ಬೆರಳು ಒತ್ತಿದರು. ಬರೀ ಗಾಳಿ. ಇನ್ನೊಮ್ಮೆ ಒತ್ತಿದರು. ಬಾವಿಯ ತಳದಿಂದ ಬಂದಂತೆ ಒಂದು ದನಿ: "ಡಿಫೆನ್ಸ್."

ಲೂಸ್ ಬಾಯಿಗೆ ಕೈ ಅಡ್ಡ ಹಿಡಿದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ. "ಮದುವೆಯಾದ ರಾತ್ರಿ ನಿದ್ದೇಲೂ ಇದನ್ನೇ ಕೂಗಿದ್ರು," ಎಂದರು ನನಗೆ.

ನಿನ್ನೆ ಸೌತ್ ಈಸ್ಟ್ ಏಷ್ಯನ್ ಗೇಮ್ಸ್‌ನಲ್ಲಿ ಅವರ ದೇಶಕ್ಕೆ ಬಾಸ್ಕೆಟ್‌ಬಾಲ್ ಚಿನ್ನ ಬಂತಂತೆ. ಇದೇ ಊರಲ್ಲಿ ಆಟ, ಇವರು ವಾರ್ಡಿನಲ್ಲಿ. ವಾರ್ಡಿನ ಫಿಲಿಪಿನೊ ನರ್ಸುಗಳು ಇವರ ಮಂಚದ ಸುತ್ತ ನಿಂತು ಫೋನಿನಲ್ಲಿ ಸ್ಕೋರ್ ನೋಡಿದರಂತೆ. ಅದೇ ಗುಂಗಿನಲ್ಲಿದ್ದರು. ನಾನು ಅಭ್ಯಾಸಕ್ಕೆಂದು, ನಿಮ್ಮ ಆಟದ ಕಥೆ ಹೇಳಿ, ಒಂದು ಉಸಿರಿಗೆ ಒಂದು ತುಂಡು ಸಾಕು ಎಂದೆ. ತುಂಡು ತುಂಡಾಗಿ ಹೇಳಿದರು. ದಣಿದಾಗ ಲೂಸ್ ಮುಂದುವರಿಸಿದರು.

ಸಮುದ್ರದಂಡೆಯ ಊರು. ಅಪ್ಪ ಮೀನು ಹಿಡಿಯುವವರು. ತೆಂಗಿನ ಮರಕ್ಕೆ ಪೀಪಾಯಿಯ ಕಬ್ಬಿಣದ ಬಳೆ ಹೊಡೆದು ಆಡುತ್ತಿದ್ದರಂತೆ. ಅದಕ್ಕೆ ಅಪ್ಪನ ಹರಿದ ಬಲೆಯನ್ನೇ ಕತ್ತರಿಸಿ ಕಟ್ಟಿದ್ದು. "ಮನಿಲಾದಲ್ಲಿ ಹಗ್ಗದ ಬಲೆ. ನಮ್ಮೂರಲ್ಲಿ ನಿಜವಾದ ಬಲೆ," ಎಂದರು. ಚೆಂಡು ಬೀಳುವಾಗ ಮೀನಿನ ವಾಸನೆ ಬರುತ್ತಿತ್ತಂತೆ.

ಹದಿನೆಂಟಕ್ಕೆ ಮನಿಲಾ. ಕಾಲೇಜಿನ ತಂಡದಲ್ಲಿ ಇವರೇ ಕುಳ್ಳ. ಆಮೇಲೆ ಒಂದು ಹಾಲಿನ ಡಬ್ಬಿ ಕಂಪನಿಯ ತಂಡದಲ್ಲಿ ಪ್ರೊಫೆಷನಲ್ ಆಟಗಾರ. ಅಲ್ಲಿ ತಂಡಗಳೆಲ್ಲ ಕಂಪನಿಗಳವೇ ಅಂತೆ. ಇವರು ಶುರುವಿನಿಂದ ಆಡುವ ಐದು ಜನರಲ್ಲಿ ಯಾವತ್ತೂ ಇರಲಿಲ್ಲ, ಬೆಂಚಿನಿಂದ ಮೊದಲು ಏಳುವವರು. ಆದರೆ ಇವರು ಎದ್ದು ನಿಂತು ಜಾಕೆಟ್ ಬಿಚ್ಚಿದರೆ ಮೇಲಿನ ಕಡಿಮೆ ದರದ ಸೀಟುಗಳಿಂದ "ಪಿ-ಡೋ! ಪಿ-ಡೋ!" ಅಂತ ಕೂಗು ಏಳುತ್ತಿತ್ತು. ಒಂದು ವರ್ಷ ಫೈನಲ್‌ನ ಕೊನೆಯ ನಿಮಿಷದಲ್ಲಿ ಎದುರಾಳಿಗಳ ದೊಡ್ಡ ಶೂಟರ್‌ನನ್ನು ತಡೆಯಲು ಇವರನ್ನು ಇಳಿಸಿದರು. ತಡೆದರು. ಚೆಂಡು ಕಿತ್ತು ತಮ್ಮ ತಂಡದ ಸ್ಟಾರ್‌ಗೆ ಎಸೆದರು, ಅವನು ಹಾರಿ ಹಾಕಿದ, ಗೆದ್ದರು. ಮಾರನೇ ದಿನದ ಪೇಪರಿನ ಮುಖಪುಟದಲ್ಲಿ ಸ್ಟಾರ್ ಹಾರುತ್ತಿರುವ ಫೋಟೊ. ಅಂಚಿನಲ್ಲಿ ಒಂದು ಮೊಣಕೈ.

"ಆ ಮೊಣಕೈ," ಎಂದು ಹೆಬ್ಬೆರಳು ತೆಗೆದು ಉಸಿರೆಳೆದುಕೊಂಡು, ಮತ್ತೆ ಒತ್ತಿ, "ನನ್ನದು."

ಆಮೇಲೆ ಕಂಪನಿ ತಂಡವನ್ನು ಮಾರಿತು. ಆಟಗಾರರಿಗೆ ಗೊತ್ತಾದದ್ದು ಬೆಳಗಿನ ರೇಡಿಯೊದಲ್ಲಿ. ಅದೇ ವರ್ಷ ಮಂಡಿ ಹೋಯಿತು. ನೀರಿನ ಬಾಟಲಿ ಹೊರುವ ಸಹಾಯಕ ಕೋಚ್ ಆದರು. ಇಲೊಯ್ಲೊದ ಒಂದು ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ಯಾರೂ ಬರಲೊಲ್ಲರು ಎಂದಾಗ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರು. "ಅಲ್ಲಿ ನನಗೆ ಗೊತ್ತಾಯ್ತು, ನಾನು ಆಡೋಕೆ ಹುಟ್ಟಿದವನಲ್ಲ. ಕೂಗೋಕೆ ಹುಟ್ಟಿದವನು." ಅಲ್ಲಿಂದ ಸಿಂಗಪುರದ ಒಂದು ಶಾಲೆ, ಈಗ ಬೆಡೋಕ್‌ನ ಕ್ಲಬ್. ಇವರ ಕೂಗು ಎಂಟನೇ ಮಹಡಿಗೆ ಕೇಳಿಸುತ್ತದೆ ಎಂದು ಪಕ್ಕದ ಬ್ಲಾಕಿನವರು ದೂರು ಕೊಟ್ಟಿದ್ದರಂತೆ. ಅದನ್ನು ಹೆಮ್ಮೆಯಿಂದ ಹೇಳಿದರು.

ಮೈಸೂರಿನಲ್ಲಿ ನಾನೂ ಆಡಿದ್ದೆ, ಬೆಂಚಿನಲ್ಲಿ ಕೂತಿದ್ದೇ ಹೆಚ್ಚು ಎಂದೆ. ಯಾಕೆ ಹೇಳಿದೆನೋ. ಒಂಟಿಕೊಪ್ಪಲಿನ ಆ ಸಿಮೆಂಟ್ ಕೋರ್ಟು, ಸಂಜೆ ಹೊತ್ತು ಚೆಂಡಿನ ಟಪ್ ಟಪ್, ನಾವು ಬೆಂಚಿನ ಹುಡುಗಿಯರು ಗಂಟಲು ಹರಿಯುವಂತೆ ಕೂಗಿ, ಆಮೇಲೆ ಗೆದ್ದವರಿಗಿಂತ ಜಾಸ್ತಿ ಸುಸ್ತಾಗಿ ಗೋಲಿ ಸೋಡಾ ಕುಡಿಯುತ್ತಿದ್ದದ್ದು. ಇಷ್ಟು ವರ್ಷ ಎಲ್ಲಿತ್ತು ಇದೆಲ್ಲ?

ಜುಲೈ 21, ಮಂಗಳವಾರ

ಕೋಚ್‌ಗೆ ರೇಡಿಯೇಷನ್ ನಡೆಯುತ್ತಿದೆ. ಗಂಟಲೆಲ್ಲ ಸುಟ್ಟು ನುಂಗಲೂ ಆಗುತ್ತಿಲ್ಲ. ದನಿ ಇಲ್ಲ. ನನ್ನ ಅಪಾಯಿಂಟ್‌ಮೆಂಟ್‌ಗೆ ಬರಲಿಲ್ಲ.

ಜುಲೈ 30, ಗುರುವಾರ

ಇವತ್ತೂ ಬರಲಿಲ್ಲ. ಬರೆಯುವಂಥದ್ದು ಏನೂ ಇಲ್ಲ.

ಆಗಸ್ಟ್ 9, ಭಾನುವಾರ

ಈ ದೇಶಕ್ಕೆ ಇವತ್ತು ಐವತ್ತು ವರ್ಷ. ಬ್ಲಾಕಿನ ಎಲ್ಲ ಕಾರಿಡಾರ್‌ಗಳಲ್ಲೂ ಬಾವುಟ. ನಾನೂ ಒಂದು ಕಟ್ಟಿದೆ, ಕಟ್ಟದಿದ್ದರೆ ನಮ್ಮ ಮನೆ ಒಂದೇ ಎದ್ದು ಕಾಣುತ್ತಿತ್ತು.

ಸಂಪತ್‌ರಿಂದ ಮೇಲ್. ವಕೀಲರ ಹೆಸರು, ನಂಬರು. ಕೊನೆಯಲ್ಲಿ ಟೇಕ್ ಕೇರ್.

ಸರಳಕ್ಕ ಫೋನ್ ಮಾಡಿದಾಗ ಪಟಾಕಿ ನೋಡಲು ಇಬ್ಬರೂ ಹೋಗುತ್ತಿದ್ದೇವೆ ಎಂದೆ. ಫೋನ್ ಇಟ್ಟ ಮೇಲೆ ಟೀವಿಯಲ್ಲಿ ಪಟಾಕಿ ನೋಡಿದೆ.

ಆಗಸ್ಟ್ 22, ಶನಿವಾರ

ಕೋಚ್ ಮತ್ತೆ ಬಂದಿದ್ದರು, ಬುಧವಾರ. ಮೈ ಇಳಿದುಹೋಗಿದೆ. ಹೆಬ್ಬೆರಳು ಒತ್ತಿ, "ಶನಿವಾರ ಕೋರ್ಟಿಗೆ ಹೋಗ್ತೀನಿ. ನೀವೂ ಬನ್ನಿ ಮಿಸ್. ಅಲ್ಲಿ ದನಿ ಹೇಗೆ ಕೇಳತ್ತೆ ನೋಡಿ ಹೇಳಿ," ಎಂದರು. ಅದೂ ಥೆರಪಿಯ ಭಾಗವೇ ಎಂದು ನನಗೆ ನಾನೇ ಹೇಳಿಕೊಂಡು ಇವತ್ತು ಹೋದೆ.

ಎರಡು ಬ್ಲಾಕುಗಳ ನಡುವೆ ಹಸಿರು ಬಣ್ಣ ಬಳಿದ ಕೋರ್ಟು. ಕೋಚ್‌ರನ್ನು ನೋಡಿದ್ದೇ ಹುಡುಗಿಯರು ಓಡಿ ಬಂದರು. ಕುತ್ತಿಗೆಯ ರಂಧ್ರಕ್ಕೆ ಹಾಕಿದ ಫಿಲ್ಟರ್ ನೋಡಿ ಅಲ್ಲಲ್ಲೇ ನಿಂತರು. ಕೋಚ್ ಹೆಬ್ಬೆರಳು ಒತ್ತಿ ಏನೋ ಹೇಳಿದರು. ಒಬ್ಬಳು ಕಿಸಕ್ಕೆಂದು ನಕ್ಕು, ತಕ್ಷಣ ಅತ್ತುಬಿಟ್ಟಳು. ಕ್ಯಾಪ್ಟನ್ ಹುಯಿ ಮಿನ್ ಎಂಬ ಎತ್ತರದ ಹುಡುಗಿ ಅವಳನ್ನು ಬೆನ್ನಿಗೆ ಗುದ್ದಿ ಸಾಲಿಗೆ ನಿಲ್ಲಿಸಿದಳು.

ಆಟ ಶುರುವಾಯಿತು. ಕೋಚ್‌ರ ದನಿ ಅರ್ಧ ಕೋರ್ಟನ್ನೂ ದಾಟಲಿಲ್ಲ. ಕೂಗಲು ಹೋಗಿ ಕೆಮ್ಮು ಬಂತು. ತೊಡೆ ತಟ್ಟಿದರು, ಯಾರಿಗೂ ಕೇಳಲಿಲ್ಲ.

ಆಗ ಪಕ್ಕದಿಂದ ಕನ್ನಡ ಕೇಳಿಸಿತು. "ನೀನು ಸಂಪತ್ ವೈಫ್ ಅಲ್ವೇನಮ್ಮ?" ಬದರಿನಾಥ್ ಅಂಕಲ್. ಕನ್ನಡ ಸಂಘದ ಯುಗಾದಿಯಲ್ಲಿ ನೋಡಿದ್ದೆ. ಈ ಕ್ಲಬ್ಬಿನ ಸ್ಪೋರ್ಟ್ಸ್ ಕಮಿಟಿ ನೋಡಿಕೊಳ್ಳುವವರು ಅವರೇ ಅಂತೆ. ಸಂಪತ್ ಹೇಗಿದ್ದಾನೆ ಎಂದರು, ಟೂರ್‌ನಲ್ಲಿದ್ದಾರೆ ಎಂದೆ. ಆಮೇಲೆ ತಗ್ಗಿದ ದನಿಯಲ್ಲಿ, "ತುಂಬಾ ಒಳ್ಳೆ ಮನುಷ್ಯ ಪಾಪ. ಆದ್ರೆ ನೋಡ್ದೆ ಅಲ್ವಾ, ಮಕ್ಕಳು ಹೆದರ್ಕೊಳ್ತಾರೆ. ಪೇರೆಂಟ್ಸ್ ಆಗ್ಲೇ ಮೆಸೇಜ್ ಮಾಡ್ತಿದ್ದಾರೆ. ಯಂಗ್ ಕೋಚ್ ಒಬ್ಬ ರೆಡಿ ಇದ್ದಾನೆ, ಮುಂದಿನ ತಿಂಗಳಿಂದ ಅವನನ್ನ ಹಾಕೋಣ ಅಂತ. ನೀನು ಹಾಸ್ಪಿಟಲ್‌ನವಳು, ನೀನೇ ಸ್ವಲ್ಪ ನಯವಾಗಿ ಹೇಳಮ್ಮ," ಎಂದರು.

ಕೋಚ್ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದರು. "ಏನಂತಾರೆ?" ಎಂದರು ನನ್ನನ್ನು.

ನಯವಾಗಿ ಹೇಳಲು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಬದರಿನಾಥ್ ಅಂಕಲ್ ಕಿವಿಯೆಲ್ಲ ಕೆಂಪಾಯಿತು. ಕೋಚ್ ತಲೆಯಾಡಿಸಿದರು. "ಸರಿಯಾಗೇ ಹೇಳ್ತಿದ್ದಾರೆ. ನಾನೂ ಕಮಿಟಿಯಲ್ಲಿದ್ರೆ ಇದನ್ನೇ ಹೇಳ್ತಿದ್ದೆ."

ಅಷ್ಟರಲ್ಲಿ ಆ ತುದಿಯಲ್ಲಿ ಒಬ್ಬಳು ಚೆಂಡಿನ ಕಡೆಗೇ ಕಣ್ಣಿಟ್ಟು ಹಿಂದಕ್ಕೆ ಓಡುತ್ತಿದ್ದಳು, ನೇರವಾಗಿ ಕಂಬದ ಕಡೆಗೆ. ಕೋಚ್ ಹೆಬ್ಬೆರಳು ಒತ್ತಿದರು, ಬರೀ ಗಾಳಿ. ನನ್ನ ಬಾಯಿಂದ ಬಂತು: "ಏಯ್! ಹಿಂದೆ ನೋಡೇ!"

ಹುಡುಗಿ ನಿಂತಳು. ಎಲ್ಲರೂ ನಿಂತರು. ಮೂರನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಲಯ್ ಹೆಂಗಸೂ ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ನನಗೆ ನಾಚಿಕೆಯಾಯಿತು.

ಕೋಚ್ ನನ್ನನ್ನೇ ನೋಡುತ್ತಿದ್ದರು. "ಎಲ್ಲಿಟ್ಟಿದ್ರಿ ಮಿಸ್ ಈ ದನಿ?" ಎಂದರು. ಆಮೇಲೆ ಬದರಿನಾಥ್ ಅಂಕಲ್ ಕಡೆ ತಿರುಗಿ, "ನವೆಂಬರ್ ಟೂರ್ನಮೆಂಟ್‌ವರೆಗೆ ಸಮಯ ಕೊಡಿ. ಮಾತು ನನ್ನದು, ಕೂಗೋದು ಇವರು," ಎಂದರು. ನನ್ನನ್ನು ಕೇಳಲೇ ಇಲ್ಲ. ನಾನೂ ಬೇಡ ಎನ್ನಲಿಲ್ಲ. ಅಂಕಲ್ ಮುಂದೆ ರಂಪ ಮಾಡುವುದು ಸರಿಯಲ್ಲ ಅಂತ.

ಸೆಪ್ಟೆಂಬರ್ 5, ಶನಿವಾರ

ಆಸ್ಪತ್ರೆಯಲ್ಲಿ ನನ್ನ ಸೀನಿಯರ್‌ಗೆ ವಿಷಯ ತಿಳಿಸಿದೆ. ಹುಬ್ಬುಗಂಟು ಹಾಕಿದರು. ಪೇಷೆಂಟ್ ಜೊತೆ ಹೊರಗಿನ ಒಡನಾಟ ಇಟ್ಟುಕೊಳ್ಳುವುದಾದರೆ ಥೆರಪಿ ಬೇರೆಯವರಿಗೆ ಕೊಡಬೇಕು ಎಂದರು. ನ್ಯಾಯವೇ. ಕೊಟ್ಟೆ. ಈಗ ಕೋಚ್ ನನ್ನ ಪೇಷೆಂಟ್ ಅಲ್ಲ.

ಇವತ್ತು ಪ್ರಾಕ್ಟೀಸ್. ಕೋಚ್ ನನ್ನ ಕಿವಿಯ ಹತ್ತಿರ ಮೂರು ಪದ ಹೇಳುತ್ತಾರೆ, ನಾನು ಆ ತುದಿಗೆ ಕೇಳುವಂತೆ ಕೂಗುತ್ತೇನೆ. ಅವಸರದಲ್ಲಿ ಕನ್ನಡವೇ ಬರುತ್ತದೆ. "ಬಿಡು! ಹಿಂದೆ! ಕೈ ಮೇಲೆ!" ಹುಡುಗಿಯರು ಮೊದಲು ನಕ್ಕರು. ಈಗ ಅವರವರಲ್ಲೇ "ಬಿಡು ಬಿಡು" ಎಂದು ಕೂಗಿಕೊಳ್ಳುತ್ತಾರೆ. ಹುಯಿ ಮಿನ್ ಬಂದು, "ಆಂಟಿ, ಇದನ್ನೇ ಯೂಸ್ ಮಾಡೋಣ ಲಾ. ಬೇರೆ ಟೀಮ್‌ಗೆ ಅರ್ಥ ಆಗಲ್ಲ," ಎಂದಳು. ಇಲ್ಲಿಯವರ ಮಾತಿನ ಕೊನೆಗೆಲ್ಲ ಒಂದು ಲಾ. ಕೋಚ್‌ಗೆ ಇದು ಎಷ್ಟು ಹಿಡಿಸಿತೆಂದರೆ ನನ್ನಿಂದ ಎಡ, ಬಲ ಎರಡೂ ಕಲಿತುಕೊಂಡರು.

ಬೆಂಚಿನಲ್ಲಿ ನೂರ್ ಅಂತ ಒಬ್ಬಳಿದ್ದಾಳೆ. ಪುಟ್ಟ ಹುಡುಗಿ. ಯಾರೂ ಹೇಳದಿದ್ದರೂ ಎದ್ದು ಎದ್ದು ಕೂಗುತ್ತಾಳೆ.

ಸೆಪ್ಟೆಂಬರ್ 25, ಶುಕ್ರವಾರ

ಹೊಗೆ. ಸುಮಾತ್ರಾದ ಕಾಡಿನ ಬೆಂಕಿ. ಎದುರಿನ ಬ್ಲಾಕ್ ಕಾಣುತ್ತಿಲ್ಲ. ಇವತ್ತು ಶಾಲೆಗಳಿಗೆಲ್ಲ ರಜೆ ಕೊಟ್ಟರು. ಎಂಆರ್‌ಟಿ ರೈಲಿನಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದರು.

ಕೋಚ್ ಉಸಿರಾಡುವುದು ಕುತ್ತಿಗೆಯಿಂದ. ನಡುವೆ ಮೂಗಿಲ್ಲ, ಗಾಳಿ ನೇರ ಒಳಕ್ಕೆ. ಎದೆಯಲ್ಲಿ ಸೋಂಕಾಗಿ ಮತ್ತೆ ವಾರ್ಡ್ ಸೇರಿದ್ದಾರೆ. ಡ್ಯೂಟಿ ಮುಗಿಸಿ ನೋಡಲು ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಲೂಸ್ ನನ್ನನ್ನು ಹೊರಗೆ ಕರೆದು, "ಸಾಕು ಅಂತಿದ್ದಾರೆ. ಕಮಿಟಿಗೆ ಹೇಳಿಬಿಡು ಅಂತ. ನನಗೂ ಸಾಕು. ನಮ್ಮೂರಿಗೆ ಹೋಗಬೇಕು," ಎಂದರು.

ಒಳಗೆ ಬಂದು ಕುಳಿತೆ. ಕಳೆದ ವಾರದ ಪ್ರಾಕ್ಟೀಸಿನ ವಿಷಯ ಹೇಳಿದೆ. ಹುಯಿ ಮಿನ್ ಬಲಗಡೆಗೇ ಹೋಗುತ್ತಾಳೆ, ಯಾವಾಗಲೂ ಬಲಗಡೆ. ಎದುರಿನವರು ಒಂದೇ ಆಟದಲ್ಲಿ ಅದನ್ನು ಕಂಡುಹಿಡಿಯುತ್ತಾರೆ. ಎಡಗೈಯಿಂದ ಚೆಂಡು ಪುಟಿಸುವ ಅಭ್ಯಾಸ ಅವಳಿಗೆ ಬೇರೆಯಾಗಿ ಕೊಡಿಸಬೇಕು. ಮತ್ತೆ ನೂರ್. ಕುಳ್ಳಿ ಎಂದು ಯಾರೂ ಅವಳನ್ನು ದೊಡ್ಡವರ ಮಧ್ಯೆ ನಿಲ್ಲಿಸುವುದಿಲ್ಲ, ಆದರೆ ಮೂಲೆಯಲ್ಲಿ ಬಿಟ್ಟರೆ ಹತ್ತಕ್ಕೆ ಏಳು ಹಾಕುತ್ತಾಳೆ, ನಾನೇ ನೋಡಿದ್ದೇನೆ. ಚೆಂಡು ಬಳೆಗೆ ಬಡಿದು ಹಿಂದಿರುಗುವಾಗ ನಮ್ಮವರು ಎದುರಾಳಿಗೆ ಮೈ ಅಡ್ಡ ಕೊಡುವುದನ್ನೇ ಮರೆಯುತ್ತಾರೆ. ನಾಳೆ ಒಳಾಂಗಣ ಕೋರ್ಟು ಸಿಕ್ಕಿದೆ, ಅದೊಂದನ್ನೇ ಮಾಡಿಸಬೇಕೆಂದಿದ್ದೇನೆ. ಹೀಗೇ ಹೇಳುತ್ತಾ ಹೋದೆ. ನೋಡಿದರೆ ಕೋಚ್ ಈ ಕಡೆ ತಿರುಗಿದ್ದರು. ಹೆಬ್ಬೆರಳು ಒತ್ತಿ, "ಐದು ಜನ ಒಳಗೆ, ಐದು ಜನ ಹೊರಗೆ. ಚೆಂಡು ನೆಲಕ್ಕೆ ಬಿದ್ರೆ ಎಲ್ಲರಿಗೂ ಓಟ," ಎಂದರು.

ಕಮಿಟಿಯ ವಿಷಯ ಕೇಳಲು ಮರೆತೇಹೋಯಿತು.

ಸೆಪ್ಟೆಂಬರ್ 27, ಭಾನುವಾರ

ನಿನ್ನೆ ಒಬ್ಬಳೇ ಪ್ರಾಕ್ಟೀಸ್ ಮಾಡಿಸಿದೆ. ಒಳಾಂಗಣದಲ್ಲಿ ದನಿ ಗೋಡೆಗೆ ಬಡಿದು ನನ್ನ ಕಿವಿಗೇ ಬರುತ್ತದೆ. ಐದು ಒಳಗೆ, ಐದು ಹೊರಗೆ. ಎಲ್ಲರೂ ಓಡಿ ಓಡಿ ನೆಲಕ್ಕೆ ಬಿದ್ದರು. "ಕೋಚ್ ಪಿಡೋಗಿಂತ ನೀವೇ ಜೋರು ಲಾ," ಎಂದಳು ಒಬ್ಬಳು. ಇನ್ನೊಂದು ಸುತ್ತು ಓಡಿಸಿದೆ.

ಗಂಟಲು ಪೂರ್ತಿ ಕಟ್ಟಿದೆ. ಬೇರೆಯವರಿಗೆ ದನಿ ಹೇಗೆ ಕಾಪಾಡಿಕೊಳ್ಳಬೇಕೆಂದು ಪಾಠ ಹೇಳುವವಳು ನಾನು. ಬಿಸಿನೀರು ಕುಡಿಯುತ್ತಿದ್ದೆ, ಸರಳಕ್ಕನ ಫೋನ್ ಬಂತು.

"ಏನೇ ದನಿ ಹಿಂಗಾಗಿದೆ? ಅತ್ತಿದ್ಯಾ?"

"ಇಲ್ಲ ಕಣೆ. ಕೂಗಿದ್ದು."

"ಯಾರ್ ಮೇಲೆ? ಸಂಪತ್ ಮೇಲಾ?"

"ಸಂಪತ್ ಇಲ್ಲಿಲ್ಲ ಸರಳಕ್ಕ. ಬಿಟ್ಟು ಹೋಗಿ ಆರು ತಿಂಗಳಾಗ್ತಾ ಬಂತು. ಬರಲ್ಲ. ಬಾಸ್ಕೆಟ್‌ಬಾಲ್ ಹುಡುಗೀರ ಮೇಲೆ ಕೂಗಿದ್ದು."

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅಕ್ಕ ಎದ್ದು ಹೋಗಿ ಒಲೆ ಆರಿಸಿದಳು. ಬಂದು, "ಆರು ತಿಂಗಳು. ಒಬ್ಬಳೇ ನುಂಗ್ಕೊಂಡು ಕೂತಿದ್ಯಾ? ನಾನು ಸತ್ತೋಗಿದ್ನಾ?" ಎಂದು ಬೈದಳು. ಆಮೇಲೆ ಅತ್ತಳು. ಆಮೇಲೆ ಸಂಪತ್‌ನ ಏಕವಚನದಲ್ಲಿ ಬೈದಳು, ಚೆನ್ನಾಗಿ ಬೈದಳು. ಕೊನೆಗೆ, "ಇರು, ಯಾವ ಹುಡುಗೀರು?" ಎಂದಳು. ನೂರ್ ವಿಷಯ ಹೇಳಿದೆ. "ನಿನ್ನ ಹಾಗೇ ಬೆಂಚು ಕಾಯೋಳು ಅನ್ನು," ಎಂದಳು.

ಇವತ್ತು ತೊಗರಿಬೇಳೆ ತರಲು ಲಿಟಲ್ ಇಂಡಿಯಾಕ್ಕೆ ಹೋಗಿಬಂದೆ. ಹೊಗೆಗೆ ಕಣ್ಣು ಉರಿಯಿತು. ಹುಯಿ ಮಿನ್‌ಗೆ ಎಡಗೈ ಅಭ್ಯಾಸಕ್ಕೆ ಏನು ಕೊಡುವುದೆಂದು ಯೋಚಿಸಬೇಕು.

ಅಕ್ಟೋಬರ್ 31, ಶನಿವಾರ

ಮಳೆ ಬಂದು ಆಕಾಶ ತಿಳಿಯಾಗಿದೆ. ಕೋಚ್ ವಾಪಸ್ ಬಂದರು. ಮಡಚುವ ಕುರ್ಚಿಯಲ್ಲಿ ಕುಳಿತು ಪೂರ್ತಿ ಪ್ರಾಕ್ಟೀಸ್ ನೋಡಿದರು. ಹುಯಿ ಮಿನ್ ಎಡಗಡೆಯಿಂದ ನುಗ್ಗಿ ಚೆಂಡು ಹಾಕಿದಾಗ ಎದ್ದು ನಿಂತರು.

ಮುಗಿದ ಮೇಲೆ ಹುಡುಗಿಯರು ಅವರ ಸುತ್ತ ಕುಳಿತರು. ಈಗ ಯಾರೂ ನಗುವುದಿಲ್ಲ. ದನಿ ಕೇಳಬೇಕೆಂದರೆ ತಲೆಗೆ ತಲೆ ತಾಗುವಂತೆ ಒತ್ತೊತ್ತಾಗಿ ಬಗ್ಗಬೇಕು, ಬಗ್ಗುತ್ತಾರೆ. ಕಡಿಮೆ ದರದ ಸೀಟುಗಳ ಕೂಗು, ಮೀನಿನ ಬಲೆ, ಮೊಣಕೈ, ಎಲ್ಲ ಹೇಳಿದರು. ನನಗೆ ಗೊತ್ತಿದ್ದ ಕಥೆಯೇ. ಆದರೂ ನೂರ್ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತೆ.

ನವೆಂಬರ್ 22, ಭಾನುವಾರ

ಸೋತೆವು. ಮೊದಲೇ ಬರೆದುಬಿಡುತ್ತೇನೆ.

ಎರಡು ಆಟ ಗೆದ್ದು ಸೆಮಿಫೈನಲ್‌ಗೆ ಬಂದಿದ್ದೆವು. ಎದುರಿಗೆ ಪಾಸಿರ್ ರಿಸ್‌ನ ತಂಡ, ಎಲ್ಲ ಎತ್ತರದವರು. ಲೂಸ್ ಜಪಮಾಲೆ ಹಿಡಿದು ಕುಳಿತಿದ್ದರು. ಬದರಿನಾಥ್ ಅಂಕಲ್ ಕ್ಲಬ್ಬಿನ ಟೀ ಶರ್ಟ್ ಹಾಕಿಕೊಂಡು, ಹೆಂಡತಿ ಶೋಭಾ ಆಂಟಿಯನ್ನೂ ಕರೆದುಕೊಂಡು ಬಂದಿದ್ದರು. ನಮ್ಮ "ಬಿಡು, ಹಿಂದೆ" ಕೇಳಿ ಆಂಟಿ, "ಇದೇನ್ರೀ, ಚೈನೀಸ್ ಹುಡುಗಿ ಕನ್ನಡ ಮಾತಾಡ್ತಿದಾಳೆ!" ಎಂದು ಜೋರಾಗಿಯೇ ಹೇಳಿದರು.

ಕೊನೆಯ ಕ್ಷಣ. ಒಂದು ಪಾಯಿಂಟ್ ಹಿಂದೆ ಇದ್ದೇವೆ, ಚೆಂಡು ನಮ್ಮದು. ಕೋಚ್ ಹೆಬ್ಬೆರಳು ಒತ್ತಿ ನನ್ನ ಕಿವಿಯಲ್ಲಿ, "ಹುಯಿ ಮಿನ್‌ಗೆ," ಎಂದರು. ನಾನು ಬಾಯಿ ತೆರೆದೆ. ಹುಯಿ ಮಿನ್ ಮುಂದೆ ಇಬ್ಬರು ಅಡ್ಡ ನಿಂತಿದ್ದರು. ಮೂಲೆಯಲ್ಲಿ ನೂರ್, ಸುತ್ತ ಯಾರೂ ಇಲ್ಲ.

"ನೂರ್‌ಗೆ ಬಿಡು!" ಎಂದು ಕೂಗಿದೆ.

ಹುಯಿ ಮಿನ್ ಒಂದು ಕ್ಷಣವೂ ಯೋಚಿಸದೆ ಬಿಟ್ಟಳು. ನೂರ್ ಕಾಲು ಸರಿಮಾಡಿಕೊಂಡು ಎಸೆದಳು. ಬಳೆಯ ಮೇಲೆ ಕುಣಿದು ಚೆಂಡು ಹೊರಗೆ ಬಿತ್ತು.

ನೂರ್ ಅಲ್ಲೇ ಕುಸಿದಳು. ಹೋಗಿ ಅವಳ ಪಕ್ಕ ನೆಲದ ಮೇಲೆ ಕುಳಿತೆ. "ಆಂಟಿ, ನನಗ್ಯಾಕೆ ಕೊಡ್ಸಿದ್ರಿ?" ಎಂದು ಬಿಕ್ಕಿದಳು. "ನೀನು ಖಾಲಿ ಇದ್ದೆ, ಅದಕ್ಕೆ," ಎಂದೆ. ಸ್ವಲ್ಪ ಹೊತ್ತಿಗೆ ಹುಯಿ ಮಿನ್ ಬಂದು ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದಳು, ಇಬ್ಬರೂ ಮೈಲೊ ಕುಡಿಯಲು.

ಎಲ್ಲರೂ ಹೋದ ಮೇಲೆ ಕೋಚ್ ನನ್ನ ಪಕ್ಕ ಬಂದು ಕುಳಿತರು.

"ನಾನು ಹೇಳಿದ್ದು ಹುಯಿ ಮಿನ್."

"ಗೊತ್ತು ಕೋಚ್. ಅವಳ ಮುಂದೆ ಇಬ್ಬರಿದ್ದರು. ನೂರ್ ಖಾಲಿ ಇದ್ದಳು."

"ಹೂಂ. ನನಗೂ ಕಾಣಿಸಿತು." ಹೆಬ್ಬೆರಳು ತೆಗೆದು ಉಸಿರೆಳೆದುಕೊಂಡರು. "ನೀವು ಕೂಗಿದ ಮೇಲೆ."

ಆಮೇಲೆ ತಿಳಿಸಿದರು. ಮುಂದಿನ ವರ್ಷಕ್ಕೂ ನೀವೇ ಇರಿ ಎಂದು ಬದರಿನಾಥ್ ಅಂಕಲ್ ಕೈ ಹಿಡಿದು ಕೇಳಿಕೊಂಡರಂತೆ. ಇವರು ಆಗುವುದಿಲ್ಲ ಎಂದರಂತೆ. ಊರಿನಲ್ಲಿ ಕೋರ್ಟಿಗೆ ಹೊಸದಾಗಿ ಚಾವಣಿ ಹಾಕಿಸಿದ್ದಾರೆ, ಚಿಕ್ಕ ಮಕ್ಕಳಿಗೆ ಕಲಿಸುವವರು ಬೇಕಂತೆ. ಲೂಸ್‌ಗೂ ಊರು ಬೇಕು. ಇಲ್ಲಿ ಯಾರನ್ನು ಹಾಕಬೇಕೆಂದು ಅಂಕಲ್‌ಗೆ ಹೇಳಿದ್ದಾರಂತೆ. ಯಾರನ್ನು ಎಂದು ಕೇಳಿದೆ. ನನ್ನನ್ನೇ ನೋಡಿದರು. ನನಗೆ ಸಿಟ್ಟು ಬಂತು. ಮೊದಲೇ ಕೇಳಬಾರದಿತ್ತೇ? ಆಸ್ಪತ್ರೆಯ ಡ್ಯೂಟಿ ಇದೆ, ಶನಿವಾರಗಳಲ್ಲಿ ಒಂದೊಂದು ಸಲ ಬೆಳಗ್ಗೆಯೂ ಹಾಕುತ್ತಾರೆ. ಸೀನಿಯರ್ ಜೊತೆ ಮಾತಾಡಿ ಶಿಫ್ಟ್ ಬದಲಿಸಿಕೊಳ್ಳಬೇಕು.

ಡಿಸೆಂಬರ್ 13, ಭಾನುವಾರ

ಚಾಂಗಿ ಏರ್‌ಪೋರ್ಟಿಗೆ ಹೋಗಿ ಕೋಚ್ ಮತ್ತು ಲೂಸ್‌ರನ್ನು ಕಳಿಸಿ ಬಂದೆ. ಹುಡುಗಿಯರೆಲ್ಲ ಬಂದಿದ್ದರು. ಅಳು, ಸೆಲ್ಫಿ, ಮತ್ತೆ ಅಳು. ಸೆಕ್ಯುರಿಟಿಯ ಒಳಗೆ ಹೋಗುವ ಮುನ್ನ ಕೋಚ್ ತಿರುಗಿ ನಿಂತು ಹೆಬ್ಬೆರಳು ಒತ್ತಿ ಏನೋ ಹೇಳಿದರು. ಗದ್ದಲದಲ್ಲಿ ಕೇಳಿಸಲಿಲ್ಲ. ಏನು ಎಂದು ಕೈಯಲ್ಲಿ ಕೇಳಿದೆ. ಏನಿಲ್ಲ ಎಂದು ಕೈಯಾಡಿಸಿ ನಕ್ಕು ಹೊರಟುಹೋದರು.

ಶುಕ್ರವಾರ ವಕೀಲರ ಕಾಗದಗಳಿಗೆ ಸಹಿ ಹಾಕಿದೆ. ಬರೆಯಲು ಮರೆತಿದ್ದೆ.

ಜನವರಿ 16, 2016, ಶನಿವಾರ

ಹೊಸ ವರ್ಷಕ್ಕೆ ಹೊಸ ಹುಡುಗಿಯರು ಸೇರಿದ್ದಾರೆ. ಒಬ್ಬಳಿಗೆ ಚೆಂಡು ಎಂದರೆ ಭಯ, ಬಂದಾಗಲೆಲ್ಲ ಕಣ್ಣು ಮುಚ್ಚುತ್ತಾಳೆ. ಇನ್ನೊಬ್ಬಳ ಅಮ್ಮ ಪ್ರತಿ ಪ್ರಾಕ್ಟೀಸಿಗೂ ಬಂದು ಕುಳಿತು ನನಗೇ ಸಲಹೆ ಕೊಡುತ್ತಾರೆ. ನೂರ್ ಎರಡು ಇಂಚು ಬೆಳೆದಿದ್ದೇನೆ ಎನ್ನುತ್ತಾಳೆ, ನನಗೇನೂ ಕಾಣುತ್ತಿಲ್ಲ. ಏಪ್ರಿಲ್‌ಗೆ ಸರಳಕ್ಕ ಬರುತ್ತಾಳಂತೆ. ಪ್ರಾಕ್ಟೀಸ್ ಇಲ್ಲದ ವಾರ ನೋಡಿ ಬಾ ಎಂದಿದ್ದೇನೆ.

ಇವತ್ತು ಪ್ರಾಕ್ಟೀಸಿನ ನಡುವೆ ನೀರು ಕುಡಿಯಲು ಬಿಟ್ಟಾಗ ಕೋಚ್‌ರ ವಿಡಿಯೊ ಕಾಲ್ ಬಂತು. ಅವರ ಊರಿನ ಕೋರ್ಟಿನಿಂದ. ಮುಖಕ್ಕೆ ಮಾಂಸ ಬಂದಿದೆ. ಏನು ಹೇಳುತ್ತಿದ್ದಾರೋ ಒಂದೂ ಕೇಳಿಸಲಿಲ್ಲ. ಹಿಂದೆ ಎಷ್ಟೋ ಮಕ್ಕಳ ಕೂಗಾಟ, ಚೆಂಡುಗಳ ಸದ್ದು, ತಗಡಿನ ಚಾವಣಿಯ ಕೆಳಗೆ ಅದೆಲ್ಲ ಇಮ್ಮಡಿ. ಕೇಳಿಸುತ್ತಿಲ್ಲ ಕೋಚ್ ಎಂದು ನಾನು ಕೂಗಿದೆ. ಅವರು ತಲೆಯಾಡಿಸಿ, ಫೋನನ್ನು ಲೂಸ್ ಕೈಗೆ ಕೊಟ್ಟು, ಕೋರ್ಟಿನ ನಡುವೆ ನಡೆದು ಹೋಗಿ ನಿಂತರು. ವಿಷಲ್ ಇಲ್ಲ, ಚಪ್ಪಾಳೆ ಇಲ್ಲ. ಕೈ ಎತ್ತಿ ಹೆಬ್ಬೆರಳನ್ನು ಗಂಟಲಿಗೆ ಇಟ್ಟುಕೊಂಡರು, ಅಷ್ಟೆ.

ಒಂದೊಂದೇ ಚೆಂಡು ನಿಂತಿತು. ಕೂಗಾಟ ನಿಂತಿತು. ಆ ತುದಿಯಲ್ಲಿ ಕಂಬ ಹತ್ತುತ್ತಿದ್ದ ಒಬ್ಬ ಪೋರ ಹಾಗೇ ಜಾರಿ ಇಳಿದು ಓಡಿ ಬಂದ. ಎಲ್ಲ ಮಕ್ಕಳೂ ಬಂದು ಅವರ ಸುತ್ತ ಬಗ್ಗಿದರು. ಎಷ್ಟು ಸದ್ದಡಗಿತೆಂದರೆ ಚಾವಣಿಯ ಮೇಲೆ ಹಕ್ಕಿ ನಡೆದಾಡುವುದೂ ಫೋನಿನಲ್ಲಿ ಕೇಳಿಸುತ್ತಿತ್ತು. ಆಮೇಲೆ ಕೋಚ್‌ರ ದನಿ ಬಂತು. ಅವರ ಭಾಷೆಯಲ್ಲಿ, ನಿಧಾನವಾಗಿ, ಒಂದೊಂದು ಪದವೂ ಸ್ಪಷ್ಟವಾಗಿ.

ಇನ್ನೂ ಕೇಳಬೇಕು ಎನಿಸುತ್ತಿತ್ತು. ಆದರೆ ನನ್ನ ಹುಡುಗಿಯರು ನೀರು ಕುಡಿದು ಆಗಲೇ ಸಾಲಾಗಿ ನಿಂತು ಕಾಯುತ್ತಿದ್ದರು. ಲೂಸ್‌ಗೆ ಕೈಬೀಸಿ ಫೋನ್ ಇಟ್ಟೆ.